ಕತ್ತರಿ ಹಿಡಿದ ಕೈ

ಅಂಟಮ್ಮ ಎಂದು ಹೆಸರಿಟ್ಟವರು ಅವಳ ಅಪ್ಪ. ಆಗ ಅವಳಿಗೆ ನಾಲ್ಕು ವರ್ಷ. ಅಪ್ಪನದು ದರ್ಜಿ ಅಂಗಡಿ. ಪೊಟ್ಟಣಗಳ ಮೇಲೆ ಚೀಟಿ ಅಂಟಿಸಲು ಇಟ್ಟಿದ್ದ ಗೋಂದಿನ ಬಾಟಲಿಗೆ ಐದೂ ಬೆರಳು ಅದ್ದಿ, ಮೇಜಿನ ಕೆಳಗೆ ಬಿದ್ದಿದ್ದ ಚಿಂದಿಯನ್ನೆಲ್ಲ ಬಾಚಿ, ಮಹಾರಾಯ್ತಿ ಅದನ್ನು ಅಂಟಿಸಿದ್ದು ಗಿರಾಕಿಗಳ ಅಳತೆ ಪುಸ್ತಕದ ಮೇಲೆ. ಯಾರ ಸೊಂಟ ಎಷ್ಟು, ಯಾರ ಭುಜ ಎಷ್ಟು, ಎಲ್ಲವೂ ಹೂಬಟ್ಟೆಯ ಚೂರುಗಳ ಕೆಳಗೆ ಹೂತುಹೋಯಿತು. ಅಪ್ಪ ವಾರವಿಡೀ ಗಿರಾಕಿಗಳನ್ನು ಮತ್ತೆ ಕರೆಸಿ ಅಳತೆ ತೆಗೆದರು. ಮಗಳಿಗೆ ಒಂದೇಟೂ ಹೊಡೆಯಲಿಲ್ಲ. "ನನ್ನಮ್ಮ ಅಲ್ಲ ಕಣೇ ನೀನು, ಅಂಟಮ್ಮ," ಅಂದು, ಆ ಪುಟವನ್ನು ಪುಸ್ತಕದಿಂದ ಬಿಡಿಸಿ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ತನ್ನ ಮೊದಲ ಪ್ರದರ್ಶನ ಅದೇ ಎಂದು ಅವಳು ಈಗಲೂ ಹೇಳಿಕೊಳ್ಳುತ್ತಾಳೆ. ಎರಡನೆಯದಕ್ಕೆ ಐವತ್ನಾಲ್ಕು ವರ್ಷ ಕಾಯಬೇಕಾಯಿತು.

ಆ ಎರಡನೆಯ ಪ್ರದರ್ಶನದ ಕತೆ ಇದು. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಊರಿನ ಚಿತ್ರಶಾಲೆಯ ಬಾಗಿಲು ಅವಳೊಬ್ಬಳ ಚಿತ್ರಗಳಿಗಾಗಿ ತೆರೆಯುವುದಿತ್ತು. ನಲವತ್ತು ಚಿತ್ರಗಳು ಚೌಕಟ್ಟು ಹಾಕಿಸಿಕೊಂಡು ಆಗಲೇ ಹೋಗಿದ್ದವು. ನೋಡಲು ನಾಲ್ಕು ಜನ ಬರುತ್ತಾರೋ ನಾನೂರು ಜನ ಬರುತ್ತಾರೋ ಎಂದು ಅಂಟಮ್ಮ ತಲೆ ಕೆಡಿಸಿಕೊಂಡವಳಲ್ಲ. ಅವಳಿಗೆ ಬೇಕಾಗಿದ್ದದ್ದು ಒಬ್ಬಳೇ. ಅಕ್ಕ ಬರಬೇಕು, ಬಂದು ನಿಂತು ನೋಡಬೇಕು.

ಅಕ್ಕ ಅಂದರೆ ಅಂಟಮ್ಮನಿಗಿಂತ ನಾಲ್ಕು ವರ್ಷ ದೊಡ್ಡವಳು. ಅಪ್ಪ ಹೋದ ಮೇಲೆ ದರ್ಜಿ ಅಂಗಡಿಯನ್ನು ನಡೆಸಿಕೊಂಡು ಬಂದವಳು ಅವಳೇ. ನೇರ ಮಾತು, ನೇರ ಹೊಲಿಗೆ. ತಂಗಿಯ ಕೆಲಸದ ಬಗ್ಗೆ ಅವಳಿಗೆ ಅಸಡ್ಡೆಯೇನೂ ಇರಲಿಲ್ಲ. ಅರ್ಥವೇ ಆಗುತ್ತಿರಲಿಲ್ಲ, ಅಷ್ಟೆ.

"ನಾನು ಬಟ್ಟೆ ಕತ್ತರಿಸಿದ್ರೆ ಜನ ಹಾಕ್ಕೊಳ್ತಾರೆ. ನೀನು ಕತ್ತರಿಸಿದ್ದನ್ನ ಏನು ಮಾಡ್ತಾರೆ?"

"ನೋಡ್ತಾರೆ."

"ನೋಡಿ?"

"ಮತ್ತೆ ನೋಡ್ತಾರೆ."

"ಕೆಲಸ ಇಲ್ವಾ ಅವರಿಗೆ?" ಎಂದು ಅಕ್ಕ ಯಂತ್ರ ತುಳಿಯಲು ಶುರುಮಾಡುತ್ತಿದ್ದಳು. ಮೂವತ್ತು ವರ್ಷಗಳಲ್ಲಿ ಈ ಸಂಭಾಷಣೆ ಇಲ್ಲಿಂದ ಮುಂದಕ್ಕೆ ಹೋದದ್ದಿಲ್ಲ.

ಅಕ್ಕನ ವಿಷಯದಲ್ಲಿ ಇನ್ನೊಂದು ಮಾತು ಹೇಳಬೇಕು, ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ. ಅಪ್ಪ ಎಡಚರು. ಅವರ ಕತ್ತರಿಯೂ ಎಡಗೈಯವರಿಗೆಂದೇ ಮಾಡಿಸಿದ್ದು. ಬೇರೆಯವರು ಹಿಡಿದರೆ ಬಟ್ಟೆಯನ್ನು ಕತ್ತರಿಸದೆ ಜಗಿಯುತ್ತಿತ್ತು. ಇಬ್ಬರು ಮಕ್ಕಳಲ್ಲಿ ಅಪ್ಪನ ಕೈ ಬಂದದ್ದು ಅಕ್ಕನಿಗೆ. ಏಳನೇ ವಯಸ್ಸಿನಲ್ಲಿ ಶಾಲೆಯ ಮೇಡಂ ಆ ಕೈಯನ್ನು ತಿದ್ದಲು ಹೊರಟರು. ಎಡಗೈಯಲ್ಲಿ ಸೀಸದಕಡ್ಡಿ ಹಿಡಿದಾಗೆಲ್ಲ ಬೆರಳ ಗೆಣ್ಣಿನ ಮೇಲೆ ಅಡಿಪಟ್ಟಿಯ ಏಟು. ಒಂದು ದಿನ ಗೆಣ್ಣು ಊದಿಸಿಕೊಂಡು ಬಂದ ಮಗಳನ್ನು ಅಪ್ಪ ಮೇಜಿನ ಮೇಲೆ ಕೂರಿಸಿಕೊಂಡರು. ಶಾಲೆಗೆ ಹೋಗಿ ಜಗಳವಾಡುವ ಪೈಕಿ ಅವರಲ್ಲ. ತಮ್ಮ ಕತ್ತರಿಯನ್ನು ಅವಳ ಎಡಗೈಗೆ ಕೊಟ್ಟು, "ಬರೆಯೋದು ಅವರಿಷ್ಟ. ಕತ್ತರಿಸೋದು ನಮ್ಮಿಷ್ಟ," ಅಂದರು. ಮೇಜಿನ ಕೆಳಗೆ ಚಿಂದಿ ಆರಿಸುತ್ತಿದ್ದ ಮೂರು ವರ್ಷದ ಅಂಟಮ್ಮನಿಗೆ ಅದರ ನೆನಪಿರಲು ಸಾಧ್ಯವಿಲ್ಲ. ಆದರೂ ಮನೆಯಲ್ಲಿ ಎಷ್ಟು ಸಲ ಆ ಮಾತು ಬಂದಿದೆಯೆಂದರೆ, ತಾನೇ ಕಣ್ಣಾರೆ ಕಂಡಂತೆ ಹೇಳುತ್ತಾಳೆ. ಅಂದಿನಿಂದ ಅಕ್ಕ ಬರೆಯುವುದು ಬಲಗೈಯಲ್ಲಿ, ಕತ್ತರಿಸುವುದು ಎಡಗೈಯಲ್ಲಿ. ಅಪ್ಪನ ಕತ್ತರಿ ಅವಳದಾಯಿತು.

ಅಂಟಮ್ಮನಿಗೆ ಹೊಲಿಗೆ ಜಪ್ಪಯ್ಯ ಅಂದರೂ ಹತ್ತಲಿಲ್ಲ. ಇಪ್ಪತ್ತನೇ ವಯಸ್ಸಿಗೆ ಒಂದು ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಕೆಲಸಕ್ಕೆ ಸೇರಿದಳು. ಹಾಳೆ ಎಣಿಸುವುದು, ಮಡಿಸುವುದು, ಅಂಟಿಸುವುದು. ಸೇರಿದ ಮೂರನೇ ದಿನವೇ ಮೇಸ್ತ್ರಿಯಿಂದ ಮಂಗಳಾರತಿ ಆಯಿತು. ಆಗಷ್ಟೇ ಅಚ್ಚಾಗಿ ಬಂದಿದ್ದ ಔಷಧಿ ಬಾಟಲಿಯ ಲೇಬಲ್ ಹಾಳೆಗಳನ್ನು ಒಣಗಲು ಬಿಡದೆ ಒಂದರ ಮೇಲೊಂದು ಒಪ್ಪವಾಗಿ ಪೇರಿಸಿ, ಮೇಲೊಂದು ಭಾರವನ್ನೂ ಇಟ್ಟಿದ್ದಳು. ಸಂಜೆ ತೆಗೆದು ನೋಡಿದರೆ ಪ್ರತಿ ಹಾಳೆಯ ಬೆನ್ನಿಗೂ ಕೆಳಗಿನ ಹಾಳೆಯ ಶಾಯಿ ತಿರುಗುಮುರುಗಾಗಿ ಹತ್ತಿಕೊಂಡಿತ್ತು. ಮೇಸ್ತ್ರಿ ಬಾಯಿಗೆ ಬಂದಂತೆ ಬೈದ. ಅವಳು ತಲೆ ತಗ್ಗಿಸಿ ನಿಂತಿದ್ದಳು, ನಿಜ. ಆದರೆ ತಗ್ಗಿಸಿದ ಕಣ್ಣು ಆ ಹಾಳೆಗಳ ಮೇಲೆಯೇ ಇತ್ತು. ಮಸುಕಾಗಿ, ಮೆತ್ತಗೆ, ಎಷ್ಟು ಚೆನ್ನಾಗಿ ಬಂದಿದೆಯಲ್ಲ ಅನ್ನಿಸಿತ್ತು. ಕೆಟ್ಟುಹೋದ ಹಾಳೆಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಗೆ ತಂದಳು.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಮದುವೆಯಾದದ್ದು ಬಸ್ ಕಂಡಕ್ಟರನನ್ನು. ಬೇರೆ ಗಂಡಂದಿರು ಹೆಂಡತಿಗೆ ಹೂವು ತಂದರೆ ಈತ ಜೇಬಿನ ತುಂಬ ಹರಿದ ಟಿಕೆಟ್ ತರುತ್ತಿದ್ದ, ಬಣ್ಣಬಣ್ಣದ್ದು ವಿಂಗಡಿಸಿ. ಆ ಟಿಕೆಟ್‌ಗಳಿಂದ ಅವಳು ಇಡೀ ಒಂದು ಬೀದಿಯನ್ನು ಕಟ್ಟಿದಳು. ಕಿಟಕಿಗಳಿಗೆ ಹಸಿರು, ಬಾಗಿಲುಗಳಿಗೆ ಗುಲಾಬಿ, ಆಕಾಶಕ್ಕೆ ದೂರದೂರಿನ ಟಿಕೆಟ್ಟಿನ ನೀಲಿ. ನೆರೆಮನೆಯವರು ಮೊದಮೊದಲು ಮೂಗು ಮುರಿದರು. ಆಮೇಲೆ ಅವರೇ ಸಾಬೂನಿನ ಹೊದಿಕೆ, ಬಲ್ಬಿನ ಡಬ್ಬ, ಹಳೇ ಕ್ಯಾಲೆಂಡರ್ ತಂದುಕೊಡತೊಡಗಿದರು. ಹೊಸ ಕ್ಯಾಲೆಂಡರನ್ನು ಮಾತ್ರ ಅವಳು ಬಂದಾಗ ಬಚ್ಚಿಡುತ್ತಿದ್ದರು.

ಇಪ್ಪತ್ತೆರಡು ವರ್ಷವಾದ ಮೇಲೆ ಮುದ್ರಣಾಲಯ ಮುಚ್ಚಿತು. ಎಲ್ಲರೂ ಕೊನೆಯ ಸಂಬಳ ತೆಗೆದುಕೊಂಡು ಮನೆಗೆ ಹೋದರು. ಅಂಟಮ್ಮ ಮಾತ್ರ ಮೂಲೆಯಲ್ಲಿ ತುಕ್ಕು ಹಿಡಿದು ಕೂತಿದ್ದ, ಕರಡು ತೆಗೆಯುವ ಹಳೆಯ ಕೈಯಂತ್ರವನ್ನು ಕೇಳಿ ಪಡೆದಳು. ದಪ್ಪ ಕಬ್ಬಿಣದ ಉರುಳೆ, ಪಕ್ಕಕ್ಕೆ ಬಂಡಿಯ ಗಾಲಿಯಷ್ಟು ದೊಡ್ಡ ಚಕ್ರ. ಅದನ್ನು ಮನೆಯೊಳಗೆ ತರಲು ಮುಂಬಾಗಿಲಿನ ಚೌಕಟ್ಟನ್ನೇ ಕೀಳಿಸಬೇಕಾಯಿತು. "ಈ ವಯಸ್ಸಲ್ಲಿ ಮನೆಗೆ ಸವತಿ ಬಂದ್ಲಲ್ಲೋ," ಎಂದು ನೆರೆಯವರು ಕಂಡಕ್ಟರನನ್ನು ಗೇಲಿ ಮಾಡಿದರು. "ಸವತಿ ಅವಳಿಗಲ್ಲ, ನನಗೆ ಬಂದಿರೋದು," ಅಂದ ಅವನು. ಆ ಮಾತು ಸುಳ್ಳಾಗಲಿಲ್ಲ.

ಯಂತ್ರ ಬಂದ ಮೇಲೆ ಅವಳ ಕೆಲಸಕ್ಕೊಂದು ದಾರಿ ಸಿಕ್ಕಿತು. ಗಟ್ಟಿ ರಟ್ಟಿನ ಮೇಲೆ ಕಾಗದ, ಬಟ್ಟೆ, ದಾರ, ಎಲೆ ಅಂಟಿಸುವುದು. ಮೇಲೆ ವಾರ್ನಿಷ್ ಬಳಿದು ಕಲ್ಲಿನಂತೆ ಗಟ್ಟಿ ಮಾಡುವುದು. ಅದು ಅಚ್ಚುಹಲಗೆ. ಅದಕ್ಕೆ ಶಾಯಿ ತಿಕ್ಕಿ, ಒರೆಸಿ, ಒದ್ದೆ ಹಾಳೆ ಹೊದಿಸಿ, ಮೇಲೊಂದು ಕಂಬಳಿ ಹಾಕಿ ಉರುಳೆಯ ಕೆಳಗೆ ದೂಡಿದರೆ ದಾರದ ಎಳೆ ಎಳೆಯೂ ಹಾಳೆಯ ಮೇಲೆ ಬಂದು ಕೂರುತ್ತದೆ. ಅಚ್ಚಿನ ಮೇಲೆ ಮತ್ತೆ ಬಟ್ಟೆ, ಮತ್ತೆ ಕಾಗದ ಅಂಟಿಸುವುದೂ ಉಂಟು. ಒಂದೇ ತಾಪತ್ರಯವೆಂದರೆ, ಹಲಗೆಯ ಮೇಲೆ ಎಡಕ್ಕಿದ್ದದ್ದು ಹಾಳೆಯ ಮೇಲೆ ಬಲಕ್ಕೆ ಬರುತ್ತದೆ. ಅದಕ್ಕೇ ಯಂತ್ರದ ಎದುರು ಗೋಡೆಗೆ ಒಂದು ಕನ್ನಡಿ ತೂಗುಹಾಕಿಕೊಂಡಿದ್ದಳು. ಹಲಗೆಯನ್ನು ಅದಕ್ಕೆ ಹಿಡಿದರೆ ಅಚ್ಚು ಹೇಗೆ ಬರುತ್ತದೆಂದು ಮೊದಲೇ ಕಾಣುತ್ತದೆ.

ಹೋದ ವರ್ಷ ಚಿತ್ರಶಾಲೆಯ ಮೇಡಂ ಮನೆಗೆ ಬಂದು ಮೂರು ತಾಸು ಕೂತರು. ನಲವತ್ತು ಚಿತ್ರ ಆರಿಸಿದ ಮೇಲೆ, "ಬಾಗಿಲಿಂದ ಒಳಗೆ ಬಂದ ತಕ್ಷಣ ಎದುರಿಗೆ ಒಂದು ಗೋಡೆ ಇದೆಯಮ್ಮ. ಅಲ್ಲಿಗೆ ಒಂದು ದೊಡ್ಡ ಚಿತ್ರ ಬೇಕು. ಏನು ಹಾಕ್ತೀರಿ?" ಎಂದು ಕೇಳಿದರು.

ಅಂಟಮ್ಮ ಒಂದು ಗಳಿಗೆಯೂ ಯೋಚಿಸಲಿಲ್ಲ. "ಅಲ್ಲಿಗೆ ನಮ್ಮಪ್ಪ ಬರ್ತಾರೆ," ಅಂದಳು.

ಅಪ್ಪನನ್ನು ಕಟ್ಟಲು ಅವಳಿಗೆ ಬೇಕಾಗಿದ್ದದ್ದು ಅಪ್ಪನ ಪ್ಯಾಟರ್ನ್‌ಗಳು. ಕಾಲರ್‌ಗೆ ಒಂದು, ತೋಳಿಗೆ ಒಂದು, ಜೇಬಿಗೆ ಒಂದು ಎಂದು ದಪ್ಪ ಕಂದು ಕಾಗದದಲ್ಲಿ ಅಪ್ಪ ಕತ್ತರಿಸಿಟ್ಟುಕೊಂಡಿದ್ದ ಮಾದರಿಗಳು ಅವು. ಬಟ್ಟೆಯ ಮೇಲೆ ಇಟ್ಟು ಸುತ್ತ ಸೀಮೆಸುಣ್ಣ ಎಳೆದೂ ಎಳೆದೂ ಅಂಚು ನುಣುಪಾಗಿದ್ದವು. ಅಕ್ಕನ ಅಂಗಡಿಯಲ್ಲಿ ಅವು ಇಂದಿಗೂ ಕೆಲಸ ಮಾಡುತ್ತಿದ್ದವು. ಕೇಳಿದಾಗ ಅಕ್ಕ ಖಡಾಖಂಡಿತವಾಗಿ ಆಗುವುದಿಲ್ಲ ಅಂದಳು. ಎರಡು ತಿಂಗಳು ಅಂಟಮ್ಮ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಅಕ್ಕ ತಾನೇ ಆ ಕಟ್ಟನ್ನು ಹಿಡಿದುಕೊಂಡು ಬಂದಳು. ಎಲ್ಲವನ್ನೂ ಹೊಸ ಕಾಗದಕ್ಕೆ ನಕಲು ಇಳಿಸಿಕೊಂಡಿದ್ದಳಂತೆ.

"ಅಂಟಿಸಿದ ಮೇಲೆ ವಾಪಸ್ ಬರಲ್ಲ ಅಲ್ವಾ ಇವು?"

"ಇಲ್ಲಕ್ಕ."

"ಸರಿ. ಒಂದೇ ಮಾತು. ಅಪ್ಪ ಅಪ್ಪನ ಹಾಗೇ ಇರಬೇಕು. ನಿನ್ನ ಬೇರೆ ಚಿತ್ರಗಳ ಥರ ಮೂಗು ಎಲ್ಲೋ ಕಿವಿ ಎಲ್ಲೋ ಆಗಬಾರದು. ಅಪ್ಪನ ಹಾಗೇ ಇದ್ರೆ ಬಂದು ನೋಡ್ತೀನಿ. ಇಲ್ಲಾಂದ್ರೆ ಆ ಕಡೆ ತಲೆನೂ ಹಾಕಲ್ಲ."

"ಇರ್ತಾರಕ್ಕ. ನಾನು ಮಾಡ್ತಿರೋದು," ಅಂದಳು ಅಂಟಮ್ಮ. ಅವಳ ಸ್ವಭಾವವೇ ಹಾಗೆ; ಮಾತು ಕೊಡುವಾಗ ಒಂದು ಹಿಡಿ ಜಾಸ್ತಿಯೇ ಕೊಡುತ್ತಾಳೆ.

ಆರು ವಾರ ಆ ಹಲಗೆಯ ಮುಂದೆ ಕೂತಳು. ಅಪ್ಪನ ಅಂಗಿಯ ಕಾಲರ್‌ಗೆ ಅಪ್ಪನದೇ ಕಾಲರ್ ಮಾದರಿ, ತೋಳಿಗೆ ಅವರದೇ ತೋಳು. ತಲೆಗೂದಲಿಗೆ ಬಿಚ್ಚಿದ ದಾರ. ಕೊರಳಿಗೆ ತೂಗುಬಿದ್ದ ಅಳತೆ ಟೇಪಿಗೆ ನಿಜವಾದ ಟೇಪು. ಮುಖಕ್ಕೆ ತೆಳು ಕಾಗದದ ಹನ್ನೊಂದು ಪದರ; ಮೂಗು ಎಲ್ಲಿರಬೇಕೋ ಅಲ್ಲೇ. ಬೆನ್ನ ಹಿಂದೆ ಅಂಗಡಿಯ ಗಾಜಿನ ಬಾಗಿಲು, ಅದರ ಮೇಲೆ ಬಣ್ಣದಲ್ಲಿ ಬರೆದಿದ್ದ 'ದರ್ಜಿ ಅಂಗಡಿ' ಎಂಬ ಅಕ್ಷರಗಳು. ಅಕ್ಷರಗಳನ್ನು ಅವಳು ಜಾಣತನದಿಂದ ತಿರುಗಿಸಿಯೇ ಕತ್ತರಿಸಿದಳು, ಅಚ್ಚಿನಲ್ಲಿ ನೆಟ್ಟಗೆ ಬರಬೇಕಲ್ಲ. ಕೊನೆಗೆ ಕೈ, ಕೈಯಲ್ಲಿ ಕತ್ತರಿ. ಕಣ್ಣು ಮುಚ್ಚಿದರೆ ಕಾಣುವ ಅಪ್ಪನನ್ನು ಕಂಡಂತೆಯೇ ಕೂರಿಸಿದಳು: ಎಡಗೈಯಲ್ಲಿ ಕತ್ತರಿ, ಬಲಗೈ ಬಟ್ಟೆಯ ಮೇಲೆ. ಹಲಗೆಯ ಮೇಲೆ ಅಪ್ಪ ಎಷ್ಟು ಅಪ್ಪನ ಹಾಗೇ ಇದ್ದರೆಂದರೆ, ಇದು ಬರೀ ಹಲಗೆ, ಚಿತ್ರ ಇನ್ನೂ ಅಚ್ಚಾಗಬೇಕು ಎಂಬುದೇ ಅವಳಿಗೆ ಮರೆತುಹೋಯಿತು. ಅಕ್ಷರ ತಿರುಗಿದ್ದರೆ ಯಾರಿಗಾದರೂ ಗೊತ್ತಾಗುತ್ತದೆ. ಕೈ ತಿರುಗಿದ್ದರೆ ಅದು ಕೂಗಿ ಹೇಳುವುದಿಲ್ಲ.

ಕನ್ನಡಿಗೆ ಹಿಡಿದು ನೋಡಿದ್ದರೆ ತಿಳಿಯುತ್ತಿತ್ತು. ಆದರೆ ಕನ್ನಡಿ ಅಲ್ಲಿರಲಿಲ್ಲ. ಮೂರು ತಿಂಗಳ ಹಿಂದೆ ಬಚ್ಚಲುಮನೆಯ ಕನ್ನಡಿ ಒಡೆದಾಗ, ಗಡ್ಡ ಕೆರೆದುಕೊಳ್ಳಲು ಕಂಡಕ್ಟರ್ ಇದನ್ನು ಒಯ್ದಿದ್ದ. "ಬೇಕಾದ್ರೆ ಹೇಳು, ವಾಪಸ್ ಹಾಕ್ತೀನಿ," ಎಂದೂ ಅಂದಿದ್ದ. "ಹದಿನಾರು ವರ್ಷ ಆಯ್ತು ರೀ. ನನಗ್ಯಾಕೆ ಕನ್ನಡಿ?" ಅಂದಿದ್ದಳು ಅಂಟಮ್ಮ.

ಬುಧವಾರ ಬೆಳಿಗ್ಗೆ ಮೊದಲ ಅಚ್ಚು ತೆಗೆದಳು. ಕಂಬಳಿ ಎತ್ತಿ, ಹಾಳೆಯ ಎರಡು ಮೂಲೆ ಹಿಡಿದು ಮೆಲ್ಲಗೆ ಸುಲಿದಾಗ ಬಂತು ನೋಡಿ! ಕಪ್ಪೆಂದರೆ ಕಪ್ಪು, ಕಂದೆಂದರೆ ಕಂದು. ಕಾಲರಿನ ಅಂಚಿನಲ್ಲಿ ಐವತ್ತು ವರ್ಷದ ಸೀಮೆಸುಣ್ಣದ ಗೀರುಗಳು ಕೂಡ ಬಂದು ಕೂತಿದ್ದವು. ಅಂಟಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶನಿವಾರದವರೆಗೆ ಕಾಯುವ ತಾಳ್ಮೆ ಯಾರಿಗಿದೆ? ಗಂಡನನ್ನು ಅಂಗಡಿಗೆ ಓಡಿಸಿ ಅಕ್ಕನನ್ನು ಕರೆಸಿದಳು.

ಅಕ್ಕ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಳು. ಬಾಗಿಲಲ್ಲೇ ನಿಂತಳು. ಅವಳ ಮುಖ ಮೊದಲು ಅರಳಿತು. ಅದನ್ನು ಅಂಟಮ್ಮ ಸ್ಪಷ್ಟವಾಗಿ ಕಂಡಳು. ಆಮೇಲೆ ಅಕ್ಕನ ಕಣ್ಣು ಮುಖದಿಂದ ಕಾಲರಿಗೆ, ಕಾಲರಿನಿಂದ ತೋಳಿಗೆ, ತೋಳಿನಿಂದ ಕೈಗೆ ಇಳಿಯಿತು. ಅಲ್ಲಿಗೆ ಬಂದು ನಿಂತುಬಿಟ್ಟಿತು.

"ಕತ್ತರಿ ಯಾವ ಕೈಯಲ್ಲಿದೆ?" ಎಂದು ಕೇಳಿದಳು.

ಅಂಟಮ್ಮ ನೋಡಿದಳು. ಗಾಜಿನ ಮೇಲಿನ ಅಕ್ಷರಗಳು ನೆಟ್ಟಗೆ, ಲಕ್ಷಣವಾಗಿ ಕೂತಿದ್ದವು. ಅವುಗಳ ಮುಂದೆ ಅಪ್ಪ ಬಲಗೈಯಲ್ಲಿ ಕತ್ತರಿ ಹಿಡಿದು ನಿಂತಿದ್ದರು.

"ಅಕ್ಕ, ಅದು ಅಚ್ಚಲ್ಲಿ ತಿರುಗುತ್ತೆ... ನಾನು ಹಲಗೆ ಮೇಲೆ ಸರಿಯಾಗೇ..."

"ಶಾಲೆಯಲ್ಲಿ ನನ್ನ ಕೈ ತಿದ್ದಿದ್ರು," ಅಂದಳು ಅಕ್ಕ. ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿರುತ್ತಿತ್ತು. "ಅಪ್ಪನ ಕೈ ಮಾತ್ರ ಯಾರೂ ತಿದ್ದಿರಲಿಲ್ಲ. ಈಗ ನೀನು ತಿದ್ದಿಬಿಟ್ಯಲ್ಲೇ."

ಅಂಟಮ್ಮ ಹಲಗೆಯ ಕಡೆ ತಿರುಗಿದಳು. ಹೊಸ ಹಲಗೆ ಮಾಡೋಣವೆಂದರೆ ಮಾದರಿಗಳು ಇನ್ನಿಲ್ಲ, ಎಲ್ಲವೂ ವಾರ್ನಿಷ್ ಕುಡಿದು ರಟ್ಟಿಗೆ ಬೆಸೆದುಹೋಗಿವೆ. ಅಕ್ಕನ ಹತ್ತಿರ ಇರುವುದು ಹೊಸ ಕಾಗದದ ನಕಲು; ಅದರಲ್ಲಿ ಅಳತೆ ಇದೆ, ಅಪ್ಪ ಇಲ್ಲ. ತನ್ನ ಜಂಬವೇ ತನಗೆ ಕೈಕೊಟ್ಟಿತೆಂದು ಅವಳಿಗೆ ಗೊತ್ತಾಯಿತು, ಅದನ್ನು ಬಾಯಿಬಿಟ್ಟೂ ಹೇಳಿದಳು. "ತಪ್ಪು ನಂದೇ ಅಕ್ಕ. ಕನ್ನಡಿ ಬೇಡ ಅಂದೆ. ಕೊಬ್ಬು."

ಕನ್ನಡಿ ಎಂಬ ಮಾತು ಕೇಳಿದ್ದೇ ತಡ, ಕಂಡಕ್ಟರ್ ಬಚ್ಚಲಿಗೆ ಹೋಗಿ ಅದನ್ನು ತಂದ. ಪಾಪ, ತನ್ನಿಂದಲೇ ಹೀಗಾಯಿತೆಂದು ಅವನ ಸಂಕಟ. ಮೂಲೆಯಲ್ಲಿ ಇನ್ನೂ ಸಾಬೂನಿನ ನೊರೆ ಅಂಟಿಕೊಂಡಿದ್ದ ಕನ್ನಡಿಯನ್ನು ಎರಡೂ ಕೈಯಲ್ಲಿ ಎತ್ತಿ ಚಿತ್ರದ ಎದುರು ಹಿಡಿದು ನಿಂತ. ಈಗ ಹಿಡಿದು ಏನು ಬಂತು ಎಂದು ಅಂಟಮ್ಮ ರೇಗಬೇಕೆಂದಿದ್ದಳು. ಅಷ್ಟರಲ್ಲಿ ಅಕ್ಕ ಎರಡು ಹೆಜ್ಜೆ ಮುಂದೆ ಬಂದಳು.

ಕನ್ನಡಿಯೊಳಗೆ ಅಪ್ಪ ಎಡಗೈಯಲ್ಲಿ ಕತ್ತರಿ ಹಿಡಿದಿದ್ದರು.

ಅಕ್ಕ ಬಹಳ ಹೊತ್ತು ನೋಡಿದಳು. ಸೆರಗಿನ ತುದಿಯಿಂದ ಆ ನೊರೆ ಒರೆಸಿ ಮತ್ತೆ ನೋಡಿದಳು. ಆಮೇಲೆ ಕನ್ನಡಿಗೆ ಬೆರಳು ಮಾಡಿ, "ಇವರು ಅಪ್ಪ," ಅಂದಳು. "ಇವರನ್ನ ಹೊರಗೆ ತೆಗಿ."

ಕನ್ನಡಿಯೊಳಗಿರುವವರನ್ನು ಹೊರಗೆ ತೆಗೆಯುವುದು ಹೇಗೆ? ಮೂವತ್ತೆಂಟು ವರ್ಷದ ಹಿಂದಿನ ಮೇಸ್ತ್ರಿಯ ಬೈಗುಳ ಅಂಟಮ್ಮನ ಕಿವಿಗೆ ಬಂತು. ಹಸಿ ಹಾಳೆಯ ಮೇಲೆ ಹಾಳೆ ಇಟ್ಟರೆ ಮೇಲಿನದಕ್ಕೆ ಕೆಳಗಿನದು ಹತ್ತುತ್ತೆ, ಅಷ್ಟೂ ತಿಳಿಯಲ್ವಾ ನಿನಗೆ! ತಿಳಿಯುತ್ತೆ ಮೇಸ್ತ್ರಿ, ಚೆನ್ನಾಗಿ ತಿಳಿಯುತ್ತೆ. ಇನ್ನೊಂದು ಅಚ್ಚು ತೆಗೆದು, ಶಾಯಿ ಆರುವ ಮೊದಲೇ ಅದರ ಮೇಲೆ ಇನ್ನೊಂದು ಖಾಲಿ ಹಾಳೆ ಇಟ್ಟು ಮತ್ತೆ ಉರುಳೆಯ ಕೆಳಗೆ ಓಡಿಸಿದರೆ, ತಿರುಗಿದ್ದು ಮತ್ತೊಮ್ಮೆ ತಿರುಗಿ ಸರಿಯಾಗುತ್ತದೆ.

"ಮಸುಕಾಗಿ ಬರುತ್ತೆ," ಎಂದು ಅಕ್ಕನಿಗೆ ವಿವರಿಸಿದಳು. "ಅರ್ಧ ಶಾಯಿ ಮಾತ್ರ ಸಿಗೋದು. ಮತ್ತೆ, ಒಂದೇ ಒಂದು ಸಲ ಆಗೋದು. ನೋಡು, ಮೊದಲನೇ ಸಲಕ್ಕೇ ಟೇಪು ಎದ್ದು ಬಂದಿದೆ, ಹಲಗೆ ಇನ್ನೊಂದು ಸಲ ತಡೆದ್ರೆ ಹೆಚ್ಚು."

"ಅಕ್ಷರಗಳು?" ಎಂದು ಕಂಡಕ್ಟರ್ ಕೇಳಿದ. ಇನ್ನೂ ಕನ್ನಡಿ ಹಿಡಿದುಕೊಂಡೇ ಇದ್ದ. "ಇಲ್ನೋಡು, ಇದರಲ್ಲಿ 'ದರ್ಜಿ ಅಂಗಡಿ' ತಿರುಗುಮುರುಗಾಗಿದೆ. ಕೈ ಸರಿಹೋದ್ರೆ ಅಕ್ಷರ ಕೆಡುತ್ತೆ."

ನಿಜವೇ. ಅಂಟಮ್ಮ ಅದನ್ನು ಯೋಚಿಸಿರಲಿಲ್ಲ. ಆದರೆ ಅಕ್ಕ ನಕ್ಕುಬಿಟ್ಟಳು.

"ಕೆಡಲ್ಲ. ಗಾಜಿನ ಮೇಲೆ ಬರೆದಿದ್ದು ಬೀದಿಯಲ್ಲಿ ನಿಂತವರಿಗೆ ಮಾತ್ರ ನೆಟ್ಟಗೆ ಕಾಣೋದು. ಒಳಗಿಂದ ನೋಡಿದ್ರೆ ಹೀಗೇ, ತಿರುಗುಮುರುಗು. ನಾವಿಬ್ಬರೂ ಒಳಗಡೆನೇ ಅಲ್ವೇನೇ ಕೂತಿದ್ದು? ಮೇಜಿನ ಕೆಳಗೆ?"

ಅಂಟಮ್ಮನ ಕಣ್ಣು ತುಂಬಿಬಂತು. ಬಾಲ್ಯವೆಲ್ಲ ತಾನು ಕಂಡದ್ದು ಆ ತಿರುಗಿದ ಅಕ್ಷರಗಳನ್ನೇ. ಅವನ್ನು ನೆಟ್ಟಗೆ ಮಾಡಲು ಹೋಗಿ ಒಂದು ಇಡೀ ದಿನ ಕಳೆದಿದ್ದಳು. ಅಪ್ಪನನ್ನು ಒಳಗಿನಿಂದ ಕಟ್ಟಿದ್ದಳು, ಬಾಗಿಲನ್ನು ಮಾತ್ರ ಬೀದಿಯಿಂದ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಅಕ್ಕ ಅಂಗಡಿಗೆ ಬೀಗ ಹಾಕಿ ಬಂದಳು. ಎದ್ದಿದ್ದ ಟೇಪನ್ನು ಅಂಟಮ್ಮ ಹಿಂದಿನ ದಿನವೇ ಅಂಟಿಸಿ ಒಣಗಿಸಿದ್ದಳು. ಶಾಯಿ ತಿಕ್ಕುವುದಕ್ಕೇ ಒಂದೂವರೆ ತಾಸು ಹಿಡಿಯಿತು. ಈ ಸಲ ಒರೆಸುವಾಗ ಸ್ವಲ್ಪ ಹೆಚ್ಚಿಗೆ ಉಳಿಸಿದಳು. ಚಕ್ರದ ಬಳಿ ಕಂಡಕ್ಟರ್ ನಿಂತ. ಮೊದಲ ಹಾಳೆ ಹೋಯಿತು, ಬಂತು. ಬಲಗೈಯ ಅಪ್ಪ ಮತ್ತೆ ಬಂದರು, ಹಸಿಹಸಿಯಾಗಿ. ಹಲಗೆ ಮಾತ್ರ ಮುಗಿಯಿತು. ಮುಖದ ಪದರಗಳು ಹಾಳೆಯ ಜೊತೆಗೇ ಕಿತ್ತುಕೊಳ್ಳತೊಡಗಿದ್ದವು.

ಇನ್ನು ಕಷ್ಟದ ಕೆಲಸ. ಮೂರಡಿ ಉದ್ದದ ಒದ್ದೆ ಹಾಳೆಯನ್ನು ಆ ಹಸಿ ಚಿತ್ರದ ಮೇಲೆ ಒಂದೇ ಸಲಕ್ಕೆ ಹೊದಿಸಬೇಕು. ಕೂದಲೆಳೆಯಷ್ಟು ಜರುಗಿದರೂ ಅಪ್ಪನಿಗೆ ನಾಲ್ಕು ಕಣ್ಣು. ಅಂಟಮ್ಮ ಇಂಥ ದೊಡ್ಡ ಹಾಳೆಯನ್ನು ಹೀಗೆ ಇಟ್ಟವಳಲ್ಲ. ಹಾಳೆ ಎತ್ತಿದವಳು ಮತ್ತೆ ಕೆಳಗಿಟ್ಟಳು.

"ಸರಿ ಆಚೆ," ಅಂದಳು ಅಕ್ಕ. ಸೊಂಟಕ್ಕೆ ಸಿಕ್ಕಿಸಿದ್ದ ಸೀಮೆಸುಣ್ಣ ತೆಗೆದು ಕೆಳಗಿನ ಹಾಳೆಯ ಅಂಚಿಗೂ ಮೇಲಿನ ಹಾಳೆಯ ಅಂಚಿಗೂ ನಾಲ್ಕು ಕಡೆ ಗುರುತು ಹಾಕಿದಳು, ತೋಳನ್ನು ಭುಜಕ್ಕೆ ಜೋಡಿಸುವ ಮೊದಲು ಹಾಕುವ ಹಾಗೆ. "ಆ ತುದಿ ನೀನು ಹಿಡಿ. ಎಳೀಬೇಡ, ಸುಮ್ನೆ ಹಿಡಿ. ಮಧ್ಯದಿಂದ ಇಳಿಸೋಣ. ರೇಷ್ಮೆ ಅಂದ್ಕೋ."

ಇಬ್ಬರೂ ಎದುರುಬದುರು ನಿಂತರು. ಹಾಳೆಯ ಹೊಟ್ಟೆ ಮೊದಲು ಮುಟ್ಟಿತು, ಆಮೇಲೆ ಅಂಚುಗಳು ತಾವಾಗಿ ಒರಗಿದವು. ಗುರುತಿಗೆ ಗುರುತು ಕೂತಿತು. ಅರವತ್ತೆರಡು ವರ್ಷದ ಅಕ್ಕನ ಕೈ ಒಂದಿಷ್ಟೂ ಕದಲಿರಲಿಲ್ಲ. ಇದೂ ನನ್ನ ಹಾಗೆ ಕೆಲಸ ಮಾಡುವ ಕೈಯೇ, ಇದನ್ನು ನಾನು ಇಷ್ಟು ವರ್ಷ ಒಮ್ಮೆಯೂ ಕರೆಯಲಿಲ್ಲವಲ್ಲ ಎಂದು ಅಂಟಮ್ಮನಿಗೆ ನಾಚಿಕೆಯಾಯಿತು. ನೋಡು ಬಾ ಎಂದು ಕರೆದಿದ್ದಳು, ಮಾಡು ಬಾ ಎಂದು ಕರೆದಿರಲಿಲ್ಲ.

ಚಕ್ರ ತಿರುಗಿತು. ಈ ಸಲ ಹಾಳೆ ಸುಲಿದದ್ದು ಅಕ್ಕ.

ಬಂದರು. ಮಸುಕಾಗಿ, ಇಸ್ತ್ರಿಯ ಆವಿಯ ಆಚೆ ನಿಂತವರಂತೆ ಅಪ್ಪ ಬಂದರು. ಇಸ್ತ್ರಿ ಹಾಕುವಾಗ ಅಂಗಡಿಯೊಳಗೆ ಅವರು ಕಾಣುತ್ತಿದ್ದದ್ದೂ ಹಾಗೆಯೇ. ಬೆನ್ನ ಹಿಂದೆ ತಿರುಗಿದ ಅಕ್ಷರಗಳು, ಬಲಗೈ ಬಟ್ಟೆಯ ಮೇಲೆ, ಎತ್ತಿದ ಎಡಗೈ. ಆದರೆ ಕತ್ತರಿ ಮಾತ್ರ ಸರಿಯಾಗಿ ಬಂದಿರಲಿಲ್ಲ. ಇದೆಯೋ ಇಲ್ಲವೋ ಎಂಬಷ್ಟು ತೆಳು.

"ಅಲ್ಲಿಗೆ ಬಟ್ಟೆ ಅಂಟಿಸಬೇಕು," ಎಂದು ಅಂಟಮ್ಮ ತಕ್ಷಣ ಹೇಳಿದಳು. ಈಗ ಅವಳಿಗೆ ಮತ್ತೆ ಉಸಿರು ಬಂದಿತ್ತು. "ಕಪ್ಪು ಬಟ್ಟೆ. ಕತ್ತರಿಯ ಆಕಾರಕ್ಕೆ. ಅಕ್ಕ, ಅದನ್ನ ನೀನು ಕತ್ತರಿಸು."

"ನಾನಾ? ನನಗೆ ಚಿತ್ರ ಗಿತ್ರ ಬರಲ್ಲಮ್ಮ."

"ಚಿತ್ರ ಯಾರು ಕೇಳಿದ್ರು? ಕತ್ತರಿ ಕೇಳ್ತಿರೋದು. ಅರವತ್ತು ವರ್ಷದಿಂದ ಕೈಯಲ್ಲಿ ಹಿಡ್ಕೊಂಡಿದ್ದೀಯ, ಆಕಾರ ಗೊತ್ತಿಲ್ವಾ?"

ಅಕ್ಕ ಏನೋ ಗೊಣಗಿಕೊಂಡು ಅಂಗಡಿಗೆ ಹೋದಳು. ಅರ್ಧ ತಾಸಿನಲ್ಲಿ ಕೋಟಿನ ಕಪ್ಪು ಬಟ್ಟೆಯ ತುಂಡು, ಅಪ್ಪನ ಕತ್ತರಿ ಎರಡನ್ನೂ ತಂದಳು. ಗುರುತು ಹಾಕಲಿಲ್ಲ, ಅಳತೆ ತೆಗೆಯಲಿಲ್ಲ. ಎಡಗೈಯಲ್ಲಿ ಹಿಡಿದು ಬಟ್ಟೆಗೆ ಕತ್ತರಿ ಹಾಕಿದಳು. ಅಪ್ಪನ ಕತ್ತರಿಯಿಂದಲೇ ಅಪ್ಪನ ಕತ್ತರಿಯನ್ನು ಕತ್ತರಿಸಿ, ಎರಡು ಅಲಗು, ಎರಡು ಹಿಡಿ, ನಡುವಿನ ತಿರುಪು ಸಮೇತ ತಂಗಿಯ ಅಂಗೈಯ ಮೇಲಿಟ್ಟಳು. ಎಲ್ಲೂ ಒಂದು ನೂಲು ಎದ್ದಿರಲಿಲ್ಲ. ಅಂಟಮ್ಮ ಅದನ್ನು ಅಪ್ಪನ ಎಡಗೈಗೆ ಅಂಟಿಸಿದಳು. ಹೆಸರು ಇಟ್ಟದ್ದು ಸುಮ್ಮನೆಯೇ?

ಶನಿವಾರ ಬೆಳಿಗ್ಗೆ ಚಿತ್ರಶಾಲೆಯ ಎದುರುಗೋಡೆಯ ಮೇಲೆ ಅಪ್ಪ ಇದ್ದರು. ಬಲಗೈಯ ಆ ಎರಡು ಅಚ್ಚುಗಳೇ ಕಡುಬಣ್ಣದವು, ಅವನ್ನೂ ಕೊಡಬಹುದಿತ್ತಲ್ಲ ಎಂದು ಮೇಡಂ ಕೇಳಿದರು. "ಅವರು ಬೇರೆ ಯಾರೋ," ಅಂದಳು ಅಂಟಮ್ಮ. ಜನ ಬಂದರು. ಎಷ್ಟು ಜನ ಎಂದು ಅವಳು ಎಣಿಸಲಿಲ್ಲ. ಅವಳ ಕಣ್ಣು ಬಾಗಿಲ ಮೇಲೆಯೇ ಇತ್ತು.

ಹನ್ನೊಂದೂವರೆಗೆ ಅಕ್ಕ ಬಂದಳು. ಕೊರಳಲ್ಲಿ ಟೇಪು ಇರಲಿಲ್ಲ; ಅದನ್ನು ತೆಗೆದಿಟ್ಟು ಬಂದದ್ದೇ ದೊಡ್ಡ ಗೌರವ. ಅಪ್ಪನ ಮುಂದೆ ನಿಂತು ನೋಡಿದಳು. ಅತ್ತ ಹೋಗಿ ಟಿಕೆಟ್‌ಗಳ ಬೀದಿ ನೋಡಿದಳು, ಔಷಧಿಯ ಲೇಬಲ್‌ಗಳಿಂದಾದ ಹೊಳೆ ನೋಡಿದಳು, ತಿರುಗಿ ಬಂದು ಮತ್ತೆ ಅಪ್ಪನನ್ನು ನೋಡಿದಳು. ಅಂಟಮ್ಮ ಪಕ್ಕಕ್ಕೆ ಹೋಗಿ ನಿಂತು, "ನೋಡಿ?" ಎಂದು ಕೇಳಿದಳು.

"ಮತ್ತೆ ನೋಡ್ತಿದ್ದೀನಿ. ಸುಮ್ನಿರೇ," ಅಂದಳು ಅಕ್ಕ.

ಬಾಗಿಲ ಬಳಿಯ ಮೇಜಿನ ಮೇಲೆ ಬಂದವರು ಅಭಿಪ್ರಾಯ ಬರೆಯಲು ಒಂದು ದಪ್ಪ ಪುಸ್ತಕ ಇಟ್ಟಿದ್ದರು. ಹೊರಡುವಾಗ ಅಕ್ಕ ಅದರ ಮುಂದೆ ನಿಂತು ಬಲಗೈಯಲ್ಲಿ ಪೆನ್ನು ತೆಗೆದುಕೊಂಡಳು. ಒಂದು ಸಲ ಎದುರುಗೋಡೆಯ ಕಡೆ ತಿರುಗಿದಳು. ಆಮೇಲೆ ಪೆನ್ನನ್ನು ಎಡಗೈಗೆ ಬದಲಾಯಿಸಿಕೊಂಡು ಬಗ್ಗಿದಳು. ಹಿಂದೆ ಸಾಲಿನಲ್ಲಿ ಮೂವರು ಕಾಯುತ್ತಿದ್ದರು. ಕಾಯಲಿ ಎಂದು ನಿಧಾನವಾಗಿ, ನಾಲಗೆಯ ತುದಿ ಕಚ್ಚಿಕೊಂಡು ಬರೆದಳು. ಬರೆದು ಮುಗಿಸಿ, ಪೆನ್ನಿಟ್ಟು, ಅಂಗಡಿ ತೆರೆಯಬೇಕೆಂದು ಹೊರಟುಹೋದಳು.

ಅಂಟಮ್ಮ ಹೋಗಿ ಓದಿದಳು. ಏಳು ವರ್ಷದ ಹುಡುಗಿ ಬರೆದಂಥ ಅಕ್ಷರಗಳು, ದಪ್ಪ ದಪ್ಪ, ಗೆರೆ ಬಿಟ್ಟು ಮೇಲಕ್ಕೆ ಹತ್ತಿದ್ದವು. 'ಅಪ್ಪ ಅಪ್ಪನ ಹಾಗೇ ಇದ್ದಾರೆ' ಎಂದಿತ್ತು.